ತೂಗುದೀಪ ಸಾಕು, ಸಾಲದ ಲೆಕ್ಕ ತೋರಿಸಿ

ಪ್ರಶ್ನೆ: ಫ್ರಾನ್ಸಿನ ಅರಸ ಹದಿನೈದನೇ ಲೂಯಿಯ ಕಾಲದ ವರ್ಸೇಲ್ಸ್ ಅರಮನೆಯ ಹಿನ್ನೆಲೆಯಲ್ಲಿ ಒಂದು ಪ್ರೇಮ ಕಾದಂಬರಿ ಬರೆಯುತ್ತಿದ್ದೇನೆ. ನಾಯಕಿ ರಾಣಿಯ ಸಖಿಯರಲ್ಲಿ ಒಬ್ಬಳು, ವಿವಾಹಿತೆ. ನಾಯಕ ಅರಸನ ಅಂಗರಕ್ಷಕ ಪಡೆಯವನು. ಔತಣ, ನೃತ್ಯ, ಜೂಜು, ವಜ್ರ ಎಲ್ಲವನ್ನೂ ವಿವರವಾಗಿ ಬರೆದಿದ್ದೇನೆ. ಆದರೂ ಹಸ್ತಪ್ರತಿ ಓದಿದ ಗೆಳತಿಯರು ‘ಪಾತ್ರಗಳು ವೇಷ ತೊಟ್ಟ ಬೊಂಬೆಗಳ ಹಾಗಿವೆ’ ಎನ್ನುತ್ತಾರೆ. ಆಸ್ಥಾನ ಒಳಗೊಳಗೇ ಕೊಳೆಯುತ್ತಿತ್ತು ಎಂಬುದನ್ನು ಹೇಗೆ ತೋರಿಸಲಿ? ಅರಸ ಮತ್ತು ಅವನ ಪ್ರೇಯಸಿ ಮದಾಂ ಪಾಂಪಡೂರ್ ಅವರನ್ನು ಕಥೆಗೆ ಎಷ್ಟು ತರಬಹುದು? ಪ್ರೇಮ ಕಾದಂಬರಿ ಎಂದ ಮೇಲೆ ಸುಖಾಂತವಾಗಲೇಬೇಕೆ?

ಉತ್ತರ: ನಿಮ್ಮ ಗೆಳತಿಯರು ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾರೆ. ಆದರೆ ತಪ್ಪು ವೇಷದ್ದಲ್ಲ. ಆಸ್ಥಾನ ಎಷ್ಟು ಖರ್ಚು ಮಾಡುತ್ತಿತ್ತು ಎಂಬುದನ್ನು ನೀವು ಬರೆದಿದ್ದೀರಿ. ಆ ಖರ್ಚಿಗಾಗಿ ಯಾರು ಯಾರ ಮುಂದೆ ಕೈಚಾಚಿ ನಿಂತಿದ್ದರು ಎಂಬುದನ್ನು ಬಿಟ್ಟಿದ್ದೀರಿ. ವರ್ಸೇಲ್ಸಿನಲ್ಲಿ ಹುದ್ದೆ, ಪಿಂಚಣಿ, ಮಲಗುವ ಕೋಣೆ, ಮಗಳ ಮದುವೆ, ತಮ್ಮನಿಗೊಂದು ದಳದ ನಾಯಕತ್ವ, ಎಲ್ಲವೂ ಒಬ್ಬನೇ ಮನುಷ್ಯನ ಮರ್ಜಿಯಿಂದ ಇಳಿದು ಬರಬೇಕಿತ್ತು. ಕೊಳೆತದ್ದು ಅಲ್ಲಿ. ಅಂಥ ಜಾಗದಲ್ಲಿ ಯಾರನ್ನಾದರೂ ಪ್ರೀತಿಸುವುದೆಂದರೆ ಯಾವುದೋ ಒಂದನ್ನು ಕಳೆದುಕೊಳ್ಳಲು ಸಿದ್ಧವಾಗುವುದು. ಹಾಗಾಗಿ ಮುಂದಿನ ಅಧ್ಯಾಯ ಬರೆಯುವ ಮುನ್ನ ಪ್ರತಿ ಪಾತ್ರದ ಹೆಸರಿನ ಮುಂದೆ ಎರಡೇ ಸಾಲು ಬರೆದುಕೊಳ್ಳಿ: ಅರಮನೆಯಿಂದ ಇವರಿಗೆ ಏನು ಸಿಕ್ಕಿದೆ, ಅದನ್ನು ಕಿತ್ತುಕೊಳ್ಳುವ ಶಕ್ತಿ ಯಾರಿಗಿದೆ. ನಾಯಕಿಯ ಎದುರು ಈ ಎರಡು ಸಾಲು ಖಾಲಿ ಉಳಿದರೆ ಅವಳಿಗೆ ಎಷ್ಟು ವಜ್ರ ತೊಡಿಸಿದರೂ ಬೊಂಬೆಯೇ.

ಅರಮನೆ ನಡೆಯುತ್ತಿದ್ದ ರೀತಿಯನ್ನು ಸ್ವಲ್ಪ ನೋಡೋಣ. ಹದಿನಾಲ್ಕನೇ ಲೂಯಿ ಆಸ್ಥಾನವನ್ನೂ ಸರ್ಕಾರವನ್ನೂ ವರ್ಸೇಲ್ಸಿಗೆ ತಂದದ್ದು 1682ರ ಮೇ 6ರಂದು. ಅವನು ಏಳುವುದು, ಉಣ್ಣುವುದು, ಮಲಗುವುದು ಎಲ್ಲವೂ ಎಲ್ಲರೂ ನೋಡುವ ಶಾಸ್ತ್ರವಾಯಿತು. ಅವನು ಆ ಶಾಸ್ತ್ರವನ್ನು ನಂಬಿ ನಡೆಸಿದವನು. ಮರಿಮಗ ಹದಿನೈದನೇ ಲೂಯಿ ಐದನೇ ವಯಸ್ಸಿಗೆ, 1715ರಲ್ಲಿ, ಪಟ್ಟಕ್ಕೆ ಬಂದವನು. ಸಂಕೋಚದ ಸ್ವಭಾವ, ಜನರ ನಡುವೆ ಇರಲು ಇಷ್ಟವಿಲ್ಲ. 1738ರಲ್ಲಿ ತನಗೆಂದೇ ಬೆಚ್ಚಗಿನ ಬೇರೆ ಮಲಗುವ ಕೋಣೆ ಮಾಡಿಸಿಕೊಂಡ. ಆದರೆ ಶಾಸ್ತ್ರ ನಿಲ್ಲಿಸುವ ಧೈರ್ಯ ಮಾಡಲಿಲ್ಲ. ರಾತ್ರಿ ಮುತ್ತಜ್ಜನ ಕೋಣೆಯಲ್ಲಿ ಆಸ್ಥಾನಿಕರ ಎದುರು ಮಲಗುವ ವಿಧಿ ಮುಗಿಯುತ್ತಿತ್ತು. ಅವರೆಲ್ಲ ಹೋದ ಮೇಲೆ ಅರಸ ಎದ್ದು ತನ್ನ ಕೋಣೆಗೆ ಹೋಗಿ ನಿಜವಾಗಿ ಮಲಗುತ್ತಿದ್ದ. ಬೆಳಿಗ್ಗೆ ಮತ್ತೆ ಅಲ್ಲಿಗೆ ಬಂದು, ಆಗತಾನೆ ಎದ್ದವನಂತೆ ಏಳುವ ವಿಧಿ. ಇದು ನಾಟಕವೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಆ ರಾತ್ರಿ ಅರಸನ ಬಟ್ಟೆ ಕಳಚುವಾಗ ದೀಪದ ಕೈಹಿಡಿ ಯಾರ ಕೈಗೆ ಬರುತ್ತದೆ ಎಂದು ದೊಡ್ಡ ಮನೆತನದ ಗಂಡಸರು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ನಿಮ್ಮ ಮೂರು ಔತಣದ ಅಧ್ಯಾಯಗಳಿಗಿಂತ ಈ ಒಂದು ದೃಶ್ಯ ಹೆಚ್ಚು ಕೆಲಸ ಮಾಡುತ್ತದೆ. ದೀಪ ಹಿಡಿಯುವ ಗೌರವ ತಪ್ಪಿದವನ ಮುಖವನ್ನು ಬರೆಯಿರಿ. ಅವನೇ ನಾಯಕಿಯ ಗಂಡನಾಗಲಿ.

ವಾಸದ ಕೋಣೆಗಳ ವಿಚಾರವೂ ಹಾಗೆಯೇ. ಪ್ಯಾರಿಸ್ಸಿನಲ್ಲಿ ಸ್ವಂತ ಮಹಲು ಇದ್ದವರು ಇಲ್ಲಿ ಸೂರಿನಡಿಯ ತಗ್ಗು ಕೋಣೆಗಾಗಿ ಅರ್ಜಿ ಹಾಕಿ ಕಾಯುತ್ತಿದ್ದರು. ಹೊಗೆ ಕಟ್ಟುವ ಒಲೆ, ಕತ್ತಲು, ಪಕ್ಕದವರ ಕೆಮ್ಮು. ಆದರೂ ಅರಮನೆಯೊಳಗೆ ಕೋಣೆಯಿದೆ ಎಂಬುದೇ ಪ್ರತಿಷ್ಠೆ. ಸೇವಕರದು ಇನ್ನೊಂದೇ ಆರ್ಥಿಕತೆ. ಉರಿದು ಉಳಿದ ಮೇಣದ ಬತ್ತಿಗಳು ಅವರ ಹಕ್ಕು, ಅದನ್ನು ಮಾರಿ ಕಾಸು ಮಾಡಿಕೊಳ್ಳುತ್ತಿದ್ದರು. ಅರಸರ ಮೇಜಿನಿಂದ ಹಿಂದಿರುಗಿದ ಭಕ್ಷ್ಯಗಳು ಊರಿನಲ್ಲಿ ಮಾರಾಟವಾಗುತ್ತಿದ್ದವು. ಒಪ್ಪವಾದ ಉಡುಪು ತೊಟ್ಟ ಗಂಡಸು ಅರಮನೆಯ ಹಜಾರಗಳನ್ನು ಸುತ್ತಬಹುದಿತ್ತು. ಸೊಂಟದಲ್ಲಿ ಕತ್ತಿಯೊಂದು ಇರಬೇಕಷ್ಟೆ, ಇಲ್ಲದವರಿಗೆ ಬಾಗಿಲಲ್ಲೇ ಬಾಡಿಗೆಗೆ ಸಿಗುತ್ತಿತ್ತು. ನಾಯಕಿಗೆ ಒಬ್ಬ ದಾಸಿ ಇದ್ದಾಳಲ್ಲವೆ? ಅವಳಿಗೆ ಪತ್ರ ತಲುಪಿಸುವ ಕೆಲಸ ಮಾತ್ರ ಕೊಟ್ಟಿದ್ದರೆ ಅನ್ಯಾಯ. ಬತ್ತಿ ಮಾರುವ ದಾಸಿಗೆ ತನ್ನದೇ ಲೆಕ್ಕವಿದೆ. ಒಡತಿಯ ಪ್ರೇಮ ಬಯಲಾದರೆ ಅವಳಿಗೆ ಹೋಗುವುದು ಎಷ್ಟು, ಬಯಲು ಮಾಡಿದರೆ ಬರುವುದು ಎಷ್ಟು ಎಂಬ ಲೆಕ್ಕವೂ ಅದರಲ್ಲಿದೆ.

ಹಣದ ಮೊತ್ತಗಳನ್ನು ನಿಖರವಾಗಿ ಬರೆಯಿರಿ. 1726ರ ನಂತರ ‘ಲೂಯಿ’ ಎಂಬ ಒಂದು ಚಿನ್ನದ ನಾಣ್ಯಕ್ಕೆ 24 ಲಿವ್ರ್ (ಲಿವ್ರ್ ಎಂದರೆ ಅಂದಿನ ಫ್ರೆಂಚ್ ಹಣದ ಲೆಕ್ಕ). ಕೂಲಿಯವನ ಒಂದು ದಿನದ ದುಡಿಮೆ ಒಂದು ಲಿವ್ರ್ ಆಸುಪಾಸು. ನಾಯಕಿ ಒಂದು ಸಂಜೆ ಹತ್ತು ಲೂಯಿ ಸೋತಳು ಎಂದರೆ ಒಬ್ಬ ಕೂಲಿಯವನ ಮುಕ್ಕಾಲು ವರ್ಷದ ಸಂಪಾದನೆ ಹೋಯಿತು. ಅದನ್ನು ವಾಚಾಳಿಯಾಗಿ ವಿವರಿಸಬೇಡಿ. ಆ ಸಂಜೆಯೇ ದಾಸಿ ತಿಂಗಳ ಸಂಬಳ ಕೇಳಲಿ, ಸಾಕು.

ಇಲ್ಲಿ ನಿಮ್ಮ ಕಥೆಯ ಒಂದು ದೊಡ್ಡ ಎಡವಟ್ಟನ್ನು ಹೇಳಬೇಕು. ನಾಯಕಿ ರಾಣಿಯ ಸಖಿ ಎಂದಿದ್ದೀರಿ. ರಾಣಿ ಮರಿ ಲೆಶಿನ್ಸ್ಕಾ ಪೋಲೆಂಡಿನಿಂದ ಪದಚ್ಯುತನಾದ ಅರಸನ ಮಗಳು. 1725ರಲ್ಲಿ ಮದುವೆಯಾದಾಗ ಅವಳಿಗೆ 22, ಲೂಯಿಗೆ 15. 1727ರಿಂದ 1737ರೊಳಗೆ ಹತ್ತು ಮಕ್ಕಳನ್ನು ಹೆತ್ತಳು. ಆಮೇಲೆ ಅರಸ ಅವಳ ಕೋಣೆಗೆ ಬರುವುದು ನಿಂತಿತು. ದೈವಭಕ್ತೆ, ಮಿತಭಾಷಿಣಿ, ಸಂಜೆಯ ವಿನೋದವೆಂದರೆ ಕವನ್ಯೋಲ್ ಎಂಬ, ಬುದ್ಧಿ ಬೇಡದ, ಅದೃಷ್ಟದ ಆಟ. ಎಂದರೆ ನಿಮ್ಮ ನಾಯಕಿ ಇರುವುದು ಆಸ್ಥಾನದ ಮೋಜಿನ ಮೂಲೆಯಲ್ಲಲ್ಲ, ಆಕಳಿಕೆಯ ಮೂಲೆಯಲ್ಲಿ! ಮೋಜು ನಡೆಯುತ್ತಿದ್ದದ್ದು ಅರಸನ ಒಳಕೋಣೆಗಳಲ್ಲಿ, ಆಯ್ದ ಕೆಲವರ ರಾತ್ರಿಯೂಟದಲ್ಲಿ. ಅಲ್ಲಿಗೆ ಕರೆ ಬಂದವರು ಯಾರು, ಬಾರದವರು ಯಾರು ಎಂಬುದು ಮರುದಿನ ರಾಣಿಯ ಕೋಣೆಯಲ್ಲಿ ಪಿಸುಮಾತಾಗುತ್ತಿತ್ತು. ನಿಮ್ಮ ಕಥೆಗೆ ಇದು ವರವೇ. ವಿಲಾಸವನ್ನು ನಾಯಕಿ ಅನುಭವಿಸುವುದಕ್ಕಿಂತ ಗೋಡೆಯಾಚೆಯಿಂದ ಕೇಳಿಸಿಕೊಳ್ಳುವುದರಲ್ಲಿ ಆಸೆಯೂ ಇದೆ, ಅಸೂಯೆಯೂ ಇದೆ. ಹಸ್ತಪ್ರತಿಯ ಹತ್ತು ಔತಣಗಳಲ್ಲಿ ಎಂಟನ್ನು ತೆಗೆದರೆ ಉಳಿದ ಎರಡು ಹೊಳೆಯುತ್ತವೆ.

ಇನ್ನೊಂದು ಅನುಕೂಲ: ಇಬ್ಬರ ಕೆಲಸವೂ ಸರದಿಯದು. ರಾಣಿಯ ಹನ್ನೆರಡು ಸಖಿಯರು ವಾರದ ಸರದಿಯಲ್ಲಿ ಸೇವೆಗೆ ನಿಲ್ಲುತ್ತಿದ್ದರು. ಅಂಗರಕ್ಷಕರದು ಮೂರು ತಿಂಗಳ ಪಾಳಿ; ಪಾಳಿ ಮುಗಿದರೆ ಅರಮನೆ ಬಿಟ್ಟು ಹೊರಡಬೇಕು. ಪ್ರೇಮಿಗಳನ್ನು ಅಗಲಿಸಲು ಇಂಥ ಕಾದಂಬರಿಗಳಲ್ಲಿ ಬರುವ ಪಿತೂರಿ, ವಿಷದ ಬಟ್ಟಲು, ಕೇಡಿಗ ಕಾರ್ಡಿನಲ್ ಯಾವುದೂ ಬೇಕಿಲ್ಲ. ಕ್ಯಾಲೆಂಡರೇ ಖಳನಾಯಕ. ಏಪ್ರಿಲ್‌ನಲ್ಲಿ ಕಣ್ಣಿಗೆ ಬಿದ್ದವನು ಜುಲೈಗೆ ಇರುವುದಿಲ್ಲ. ಅಷ್ಟರಲ್ಲಿ ಅವಳ ಸೇವೆಯ ವಾರ ಎಷ್ಟು ಸಲ ಬರುತ್ತದೆ, ಆ ವಾರಗಳಲ್ಲಿ ಅವನ ಪಹರೆ ಯಾವ ಬಾಗಿಲಲ್ಲಿ ಎಂಬ ಲೆಕ್ಕವನ್ನು ಅವಳು ಮನಸ್ಸಿನಲ್ಲೇ ಹಾಕುತ್ತಿರಲಿ. ಓದುವವರೂ ಅವಳ ಜೊತೆ ಎಣಿಸತೊಡಗುತ್ತಾರೆ.

ಕಾಲ ಯಾವುದೆಂದು ನೀವು ಹೇಳಿಲ್ಲ. ನನ್ನನ್ನು ಕೇಳಿದರೆ 1745 ಎನ್ನುತ್ತೇನೆ. ಆ ವರ್ಷದ ಘಟನೆಗಳೇ ಕಾದಂಬರಿಯ ಹಾಗೆ ಜೋಡಣೆಗೊಂಡಿವೆ. ಫೆಬ್ರವರಿಯ ಕೊನೆಯಲ್ಲಿ ಯುವರಾಜನ ಮದುವೆಯ ಸಲುವಾಗಿ ಕನ್ನಡಿಗಳ ಹಜಾರದಲ್ಲಿ ಮುಖವಾಡದ ನೃತ್ಯ. ಅರಸ ಮತ್ತು ಅವನ ಕೆಲವು ಸಂಗಾತಿಗಳು ಕತ್ತರಿಸಿ ಆಕಾರ ಕೊಟ್ಟ ಯೂ ಮರಗಳ ವೇಷದಲ್ಲಿ ಸಾಲಾಗಿ ಬಂದರು. ಎಲ್ಲ ಮರಗಳೂ ಒಂದೇ ಥರ, ಅರಸ ಯಾವುದರೊಳಗೆ ಇದ್ದಾನೆ ಎಂದು ಹೇಳುವಂತಿಲ್ಲ. ಎಲ್ಲ ಮರಗಳಿಗೂ ನಗುಮುಖ ತೋರಿಸಬೇಕಾದ ಹೆಂಗಸರ ಪಾಡು ನೋಡಿ. ಆ ರಾತ್ರಿ ಅರಸ ಮಾತನಾಡಿಸಿದ ಚೆಲುವೆ 23 ವರ್ಷದ ಝಾನ್ ಆಂತ್ವಾನೆತ್ ಪ್ವಾಸಾನ್, ಹಣಕಾಸಿನ ವ್ಯವಹಾರದವರ ವಲಯದಲ್ಲಿ ಬೆಳೆದು ಮದುವೆಯಾದವಳು, ಕುಲೀನಳಲ್ಲ. ಮೇ ತಿಂಗಳಿಗೆ ಅರಸ ಯುದ್ಧಭೂಮಿಯಲ್ಲಿದ್ದ. ಮೇ 11ರಂದು ಫಾಂಟೆನ್ವಾ ಕಾಳಗ, ಅರಮನೆಯ ಪಡೆಗಳೂ ಅದರಲ್ಲಿ ಕಾದಿದವು. ಆ ಬೇಸಿಗೆ ಅವಳು ಊರಾಚೆಯ ಮನೆಯಲ್ಲಿ ಅರಸನ ಪತ್ರಗಳನ್ನು ಓದುತ್ತ, ಬೆರ್ನಿ ಎಂಬ ಪಾದ್ರಿಯಿಂದ ಆಸ್ಥಾನದ ನಡೆನುಡಿ ಕಲಿಯುತ್ತಿದ್ದಳು. ಗಂಡನಿಂದ ಕಾನೂನುರೀತ್ಯಾ ಬೇರೆಯಾದದ್ದೂ ಅದೇ ವರ್ಷ. ಸೆಪ್ಟೆಂಬರ್ 14ರಂದು ಪಾಂಪಡೂರ್‌ನ ಮಾರ್ಕೀಸ್ ಎಂಬ ಪದವಿ ಪಡೆದು ಆಸ್ಥಾನಕ್ಕೆ ಪರಿಚಯಗೊಂಡಳು.

ಆ ಪರಿಚಯದ ದಿನವನ್ನು ಬಿಡಬೇಡಿ, ಏಕೆಂದರೆ ಅದು ರಾಣಿಯ ಕೋಣೆಯಲ್ಲಿ ನಡೆದದ್ದು, ನಿಮ್ಮ ನಾಯಕಿ ಅಲ್ಲೇ ನಿಂತಿರಬಹುದು. ವಿಧಿ ಹೀಗೆ: ತಿಮಿಂಗಿಲದ ಬಾಯಿಂದ ತೆಗೆದ ಗಟ್ಟಿ ಪಟ್ಟಿ ಹೊಲಿದ, ಉಸಿರಾಡಲು ಬಿಡದ ಬಿಗಿ ಕುಪ್ಪಸ, ಬಾಗಿಲಲ್ಲಿ ಅಡ್ಡ ತಿರುಗಿ ನುಗ್ಗಬೇಕಾದಷ್ಟು ಅಗಲದ ಲಂಗದ ಚೌಕಟ್ಟು, ಹಿಂದೆ ನೆಲ ಗುಡಿಸುವ ಉದ್ದನೆಯ ಸೆರಗು. ಬರುವಾಗ ಮೂರು ಸಲ ಬಾಗಿ ವಂದಿಸಬೇಕು. ಕೈಗವಸು ಕಳಚಿ, ರಾಣಿಯ ಉಡುಪಿನ ಅಂಚಿಗೆ ಮುತ್ತಿಡಲು ಬಗ್ಗಬೇಕು. ಹೋಗುವಾಗ ಬೆನ್ನು ತೋರಿಸುವಂತಿಲ್ಲ. ಮತ್ತೆ ಮೂರು ವಂದನೆ ಮಾಡುತ್ತ ಹಿಂದಕ್ಕೇ ನಡೆಯಬೇಕು, ಸೆರಗು ಕಾಲಿಗೆ ತೊಡರದಂತೆ ಹಿಮ್ಮಡಿಯಿಂದ ಅದನ್ನು ಸರಿಸುತ್ತ ಹೋಗಬೇಕು, ಸರಿಸಿದ್ದು ಯಾರಿಗೂ ಕಾಣಬಾರದು. ಎಲ್ಲರೂ ಕಾದಿದ್ದದ್ದು ಅವಳು ಎಡವಲಿ ಎಂದು. ಇಷ್ಟವಿಲ್ಲದವರು ಬಂದಾಗ ರಾಣಿ ಉಡುಪಿನ ಬಗ್ಗೆ ಒಂದು ಒಣ ಮಾತಾಡಿ ಮುಗಿಸುವುದು ವಾಡಿಕೆ. ಅಂದು ರಾಣಿ ಹಾಗೆ ಮಾಡದೆ ಇಬ್ಬರಿಗೂ ಗೊತ್ತಿದ್ದ ಒಬ್ಬ ಹೆಂಗಸಿನ ಕ್ಷೇಮ ವಿಚಾರಿಸಿದಳು. ಪಾಂಪಡೂರ್ ತಡವರಿಸಿದಳು. ರಾಣಿಯ ಹಿರಿಯ ಸಖಿಯ ಗಂಡ ಲ್ಯೂಯಿನ್‌ನ ಡ್ಯೂಕ್ ಇದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅಂದು ಪಾಂಪಡೂರ್ ಅವಳನ್ನು ಕೈಹಿಡಿದು ಕರೆತಂದವಳು ಕಾಂಟಿ ರಾಜಕುಮಾರಿ. ಮುಂದೆ 1769ರಲ್ಲಿ ಅರಸನ ನಂತರದ ಪ್ರೇಯಸಿ ಮದಾಂ ದು ಬಾರಿಯನ್ನು ಪರಿಚಯಿಸಲು ಒಪ್ಪಿದ ಬೆಯಾರ್ನ್ ಕೌಂಟೆಸ್‌ಗೆ ಜೂಜಿನ ಸಾಲಗಳನ್ನು ತೀರಿಸಿಕೊಡಬೇಕಾಯಿತು. ಕುಲೀನತೆಯ ಕಾವಲುಗಾರರು ಅದನ್ನು ಯಾವ ಬೆಲೆಗೆ ಮಾರುತ್ತಿದ್ದರು ಎಂಬುದು ಇಂಥ ಕಡೆ ಕಾಣುತ್ತದೆ.

ಹಸ್ತಪ್ರತಿಯಲ್ಲಿ ನಿಮ್ಮ ನಾಯಕಿ ಒಳಗೆ ಬಂದಾಗ ‘ಎಲ್ಲರ ಕಣ್ಣೂ ಅವಳ ಮೇಲೆ ನೆಟ್ಟವು’ ಎಂಬಂಥ ವಾಕ್ಯ ಇರಲೇಬೇಕು, ಇಂಥ ಕಾದಂಬರಿಗಳಲ್ಲಿ ಅದು ಇದ್ದೇ ಇರುತ್ತದೆ. ತೆಗೆದುಬಿಡಿ. ಅವಳ ಹಿಮ್ಮಡಿಯನ್ನು ಬರೆಯಿರಿ. ನಾಯಕ ಬಾಗಿಲಲ್ಲಿ ಪಹರೆ ನಿಂತಿದ್ದಾನೆ, ಮಿಸುಕುವಂತಿಲ್ಲ. ಸೆರಗಿನ ಮಡಿಕೆಯೊಂದು ಅವಳ ಪಾದದಡಿಗೆ ಬರುತ್ತಿರುವುದು ಅವನಿಗೆ ಕಾಣುತ್ತದೆ, ಅವಳಿಗೆ ಕಾಣುವುದಿಲ್ಲ. ಅವನು ಏನು ಮಾಡುತ್ತಾನೆ? ಕೆಮ್ಮಿದರೆ ಶಿಕ್ಷೆ. ಸುಮ್ಮನಿದ್ದರೆ ಅವಳು ಬೀಳುತ್ತಾಳೆ. ಪ್ರೇಮದ ಮೊದಲ ಮಾತು ಒಂದು ಕೆಮ್ಮಾಗಬಹುದು.

ಅರಸನನ್ನು ಎಷ್ಟು ತರಬೇಕು ಎಂದಿರಿ. ಕಡಿಮೆ. ನಾಯಕಿಗೂ ಅರಸನಿಗೂ ಸಂಬಂಧ ಕಟ್ಟುವ ಆಸೆ ಬೇಡ. ‘ಬೇಡ’ ಎನ್ನುವ ಹಕ್ಕು ಒಬ್ಬರಿಗೆ ಇಲ್ಲದ ಕಡೆ ಪ್ರಣಯವನ್ನು ನಂಬಿಸುವುದು ಕಷ್ಟ. ನಂಬಿಸಿದರೂ ಅದು ಒಳ್ಳೆಯ ಕೆಲಸವಲ್ಲ ಎಂಬುದು ನನ್ನ ಖಚಿತ ನಿಲುವು. 1755ರಲ್ಲಿ ವರ್ಸೇಲ್ಸ್ ಊರಿನ ಜಿಂಕೆವನ ಎಂಬ ಬಡಾವಣೆಯಲ್ಲಿ ಕೊಂಡ ಮನೆಯೊಂದರಲ್ಲಿ ಬಡ ಕುಟುಂಬಗಳ ಎಳೆಯ ಹುಡುಗಿಯರನ್ನು ಅರಸನಿಗಾಗಿ ಇಡಲಾಗುತ್ತಿತ್ತು. ಹಲವು ಲೇಖಕರು ಅದನ್ನು ಬಣ್ಣದ ಅಧ್ಯಾಯವಾಗಿ ಬಳಸುತ್ತಾರೆ. ನೀವು ಬಳಸುವುದಾದರೆ ಹುಡುಗಿಯ ತಾಯಿ ಎಣಿಸಿಕೊಂಡ ಹಣದಿಂದ ಶುರುಮಾಡಿ.

ಪಾಂಪಡೂರ್ ವಿಚಾರ ಬೇರೆ. ಅವಳನ್ನು ಮಾಟಗಾತಿಯಾಗಿಸುವುದು ಸುಲಭ, ಹಾಗಾಗಿ ಬೇಡ. ಅವಳಿಗಿಂತ ಮುಂಚೆ ಒಂದೇ ಮನೆಯ ಹಲವು ಅಕ್ಕತಂಗಿಯರು ಒಬ್ಬರ ಹಿಂದೊಬ್ಬರು ಅರಸನ ಪ್ರೇಯಸಿಯರಾಗಿದ್ದರು. ಅವರಲ್ಲಿ ಕೊನೆಯವಳಾದ ಶಾತೋರೂ ಡಚೆಸ್‌ಗೆ 1744ರ ಆಗಸ್ಟ್‌ನಲ್ಲಿ ಆದದ್ದನ್ನು ಆಸ್ಥಾನದಲ್ಲಿ ಯಾರೂ ಮರೆತಿರಲಿಲ್ಲ. ಅರಸ ಮೆಟ್ಸ್ ಊರಿನಲ್ಲಿ ಕಾಯಿಲೆ ಬಿದ್ದು ಸಾಯುವ ಹಂತಕ್ಕೆ ಬಂದ. ಪ್ರೇಯಸಿಯನ್ನು ಹೊರಗಟ್ಟದೆ ಸಾಯುವವರಿಗೆ ಪಾಪಕ್ಷಮೆಗಾಗಿ ಕೊಡುವ ಕೊನೆಯ ವಿಧಿ ನಡೆಸುವುದಿಲ್ಲವೆಂದು ಬಿಷಪ್ ಪಟ್ಟು ಹಿಡಿದ. ಅವಳನ್ನು ಅಟ್ಟಿದರು, ಜನ ಅವಳಿಗೆ ಶಾಪ ಹಾಕಿದರು. ಅರಸ ಬದುಕಿಕೊಂಡ. ಡಿಸೆಂಬರ್‌ನಲ್ಲಿ ಅವಳೇ ತೀರಿಕೊಂಡಳು. ಎರಡು ತಿಂಗಳ ನಂತರ ಆ ಮುಖವಾಡದ ನೃತ್ಯ. ಪಾಂಪಡೂರ್ ಬಂದು ಕೂತದ್ದು ಅಂಥ ಕುರ್ಚಿಯ ಮೇಲೆ. ಸುಮಾರು 1750ರ ಹೊತ್ತಿಗೆ ಅರಸನ ಜೊತೆ ಅವಳ ದೈಹಿಕ ಸಂಬಂಧ ಮುಗಿದಿತ್ತು, ಆದರೂ 1764ರಲ್ಲಿ ಸಾಯುವವರೆಗೆ ಆ ಕುರ್ಚಿಯಿಂದ ಅವಳನ್ನು ಯಾರೂ ಎಬ್ಬಿಸಲಾಗಲಿಲ್ಲ. 1756ರಲ್ಲಿ ರಾಣಿಯ ಸಖಿಯರ ಪಟ್ಟಿಗೇ ಅವಳ ಹೆಸರು ಸೇರಿತು. ಕಥೆಯನ್ನು ಅಲ್ಲಿಯವರೆಗೆ ಎಳೆದರೆ ನಿಮ್ಮ ನಾಯಕಿ ಅವಳ ಸಹೋದ್ಯೋಗಿ! ಒಂದೆರಡು ದೃಶ್ಯ ಸಾಕು, ಮುಕ್ಕಾಲು ಪಾಲು ಅವಳ ಬಗ್ಗೆ ಬೇರೆಯವರಾಡುವ ಮಾತಾಗಿರಲಿ.

ಗುಟ್ಟಿನ ವಿಷಯಕ್ಕೆ ಬಂದರೆ, ನಿಮ್ಮ ಪ್ರೇಮಿಗಳು ಅಂಚೆಯಲ್ಲಿ ಪತ್ರ ಬರೆದುಕೊಳ್ಳುವಂತಿಲ್ಲ. ಅಂಚೆಯೊಳಗೆ ‘ಕಪ್ಪು ಕೋಣೆ’ ಎಂಬ ಏರ್ಪಾಡಿತ್ತು. ಅರಗಿನ ಮುದ್ರೆ ಬಿಡಿಸಿ ಓದಿ, ನಕಲು ಮಾಡಿ ಮತ್ತೆ ಅಂಟಿಸುತ್ತಿದ್ದರು, ರುಚಿಕರವಾದ ಭಾಗಗಳು ಅರಸನ ಕಣ್ಣಿಗೆ ಹೋಗುತ್ತಿದ್ದವು. ಹಾಗಾಗಿ ಪ್ರತಿ ಪತ್ರವೂ ಇಬ್ಬರು ಓದುಗರಿಗಾಗಿ ಬರೆದದ್ದಾಗಿರಲಿ: ಒಬ್ಬ ಪ್ರೇಮಿ, ಇನ್ನೊಬ್ಬ ಗೂಢಚಾರ. ಅಂಥ ಒಂದು ಪತ್ರವನ್ನು ಚೆನ್ನಾಗಿ ಬರೆದರೆ ಇಡೀ ಪುಸ್ತಕಕ್ಕೆ ಬೇಕಾದ ಉದ್ವೇಗ ಸಿಗುತ್ತದೆ. ಶಯ್ಯಾಗೃಹದ ದೃಶ್ಯ ಎಷ್ಟು ಬಿಚ್ಚಿಡಬೇಕೆಂಬುದು ನಿಮಗೆ ಬಿಟ್ಟದ್ದು. ಉಡುಪಿನ ಒಂದು ಎಚ್ಚರಿಕೆ ಮಾತ್ರ: ಎದೆಯ ಮೇಲಿನ ಪಟ್ಟಿಯನ್ನು ಗುಂಡುಸೂಜಿಗಳಿಂದ ಚುಚ್ಚಿ ನಿಲ್ಲಿಸುತ್ತಿದ್ದರು, ಬೆನ್ನಿಗೆ ದಾರದ ಹೆಣಿಗೆ. ‘ಒಂದೇ ಕ್ಷಣದಲ್ಲಿ ಉಡುಪು ಜಾರಿತು’ ಎಂದು ಬರೆದರೆ ತಿಳಿದವರು ನಗುತ್ತಾರೆ. ಸೂಜಿ ಒಂದೊಂದಾಗಿ ತೆಗೆಯುವುದು ಹೊತ್ತು ಹಿಡಿಯುತ್ತದೆ, ಮತ್ತೆ ಚುಚ್ಚಲು ದಾಸಿ ಬೇಕೇ ಬೇಕು. ಆ ನಿಧಾನವೇ ನಿಮ್ಮ ದೃಶ್ಯ.

1789ರ ಫ್ರೆಂಚ್ ಕ್ರಾಂತಿಯ ಮುನ್ಸೂಚನೆಗಳನ್ನು ಪೂರ್ತಿ ಕಿತ್ತುಹಾಕಿ. ಕೆಂಪು ಸೂರ್ಯಾಸ್ತ, ಹಸಿದ ಮುದುಕಿಯ ಶಾಪ, ‘ನಮ್ಮ ನಂತರ ಪ್ರಳಯ’ ಎಂಬ ಮಾತು ಯಾವುದೂ ಬೇಡ. ಆ ಮಾತನ್ನು ಪಾಂಪಡೂರ್ ಆಡಿದಳೆಂಬುದಕ್ಕೆ ಗಟ್ಟಿ ಆಧಾರವೂ ಇಲ್ಲ. 1745ರಲ್ಲಿ ನಿಂತ ಯಾರಿಗೂ 1789 ಕಾಣುತ್ತಿರಲಿಲ್ಲ. ಹಿಂದಿನ ವರ್ಷವಷ್ಟೇ ಜನ ಆ ಅರಸನನ್ನು ‘ಅತಿಪ್ರಿಯ’ ಎಂದು ಕರೆದಿದ್ದರು. ತಮ್ಮ ಲೋಕ ಶಾಶ್ವತ ಎಂದು ಪಾತ್ರಗಳು ನಂಬಿದ್ದರೆ ಓದುಗರೇ ಉಳಿದದ್ದನ್ನು ತುಂಬಿಕೊಳ್ಳುತ್ತಾರೆ.

ಈಗ ಮುಕ್ತಾಯ. ಸುಖಾಂತ ಕೊಡಿ, ಆ ಪ್ರಕಾರವನ್ನು ಆರಿಸಿಕೊಂಡ ಮೇಲೆ ಓದುಗರಿಗೆ ಅಷ್ಟು ಸಲ್ಲಬೇಕು. ಆದರೆ ಕಾನೂನನ್ನು ಮುರಿಯದೆ ಕೊಡಿ. ಫ್ರಾನ್ಸಿನಲ್ಲಿ ವಿಚ್ಛೇದನ ಬಂದದ್ದು 1792ರಲ್ಲಿ. ಅಲ್ಲಿಯವರೆಗೆ ನ್ಯಾಯಾಲಯ ಗಂಡ ಹೆಂಡಿರನ್ನು ಬೇರೆ ಇರಿಸಬಹುದಿತ್ತೇ ಹೊರತು ಮರುಮದುವೆಗೆ ದಾರಿಯಿರಲಿಲ್ಲ. ಹೆಂಡತಿಯ ನಡತೆ ಸರಿಯಿಲ್ಲವೆಂದು ಗಂಡ ಅರಸನಿಂದ ಮೊಹರಿನ ಆಜ್ಞಾಪತ್ರ ತಂದು ಅವಳನ್ನು ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಕೂಡಿಹಾಕಿಸಬಹುದಿತ್ತು. ನಿಮ್ಮ ನಾಯಕಿಗಿರುವ ನಿಜವಾದ ಅಪಾಯ ಇದು. ಆ ಸಮಾಜದಲ್ಲಿ ಎಲ್ಲರಿಗಿಂತ ಸ್ವತಂತ್ರಳೆಂದರೆ 25 ದಾಟಿದ, ಸ್ವಂತ ಆಸ್ತಿಯಿದ್ದ ವಿಧವೆ.

ಇದರ ಜೊತೆಗೆ ಗಡಿಪಾರನ್ನು ಸೇರಿಸಿಕೊಳ್ಳಿ. ಆಸ್ಥಾನದಿಂದ ಸ್ವಂತ ಜಮೀನಿಗೆ ಅಟ್ಟುವುದೆಂದರೆ ಅಲ್ಲಿಯವರಿಗೆ ಜೀವಂತ ಸಮಾಧಿ. ನೌಕಾ ಮಂತ್ರಿ ಮೊರೆಪಾ ಪಾಂಪಡೂರ್ ಬಗ್ಗೆ ಹರಿದಾಡಿದ ಕುಚೋದ್ಯದ ಪದ್ಯಗಳ ದೆಸೆಯಿಂದ 1749ರಲ್ಲಿ ಹೊರಬಿದ್ದು, ಮತ್ತೆ ಆಸ್ಥಾನ ಕಂಡದ್ದು ಹೊಸ ಅರಸ ಬಂದ 1774ರಲ್ಲಿ. ಆದರೆ 1770ರಲ್ಲಿ ಗಡಿಪಾರಾದ ಮಂತ್ರಿ ಶ್ವಾಸಲ್‌ನನ್ನು ನೋಡಲು ಎಷ್ಟು ಜನ ಅವನ ಶಾಂತಲೂ ಬಂಗಲೆಗೆ ಹೋದರೆಂದರೆ, ಅವರ ಸ್ನೇಹದ ನೆನಪಿಗೆ ಅವನು ಅಲ್ಲಿ ಒಂದು ಪಗೋಡವನ್ನೇ ಕಟ್ಟಿಸಿದ; ಅದು ಈಗಲೂ ಇದೆ. ಆಸ್ಥಾನ ಶಿಕ್ಷೆಯೆಂದು ಕೊಟ್ಟದ್ದನ್ನು ನಿಮ್ಮ ಇಬ್ಬರು ಬಿಡುಗಡೆಯೆಂದು ಪಡೆಯಬಹುದು. ಅವಳು ಹುದ್ದೆ ಕಳೆದುಕೊಳ್ಳುತ್ತಾಳೆ, ಕೋಣೆ ಕಳೆದುಕೊಳ್ಳುತ್ತಾಳೆ, ಅವಳ ಹೆಸರಿನ ಮುಂದೆ ನೀವು ಬರೆದುಕೊಂಡ ಆ ಎರಡು ಸಾಲು ಅಳಿಸಿಹೋಗುತ್ತವೆ.

ಇದಕ್ಕೆ ಗಂಡ ಸಾಯಲೇಬೇಕು. ಕೊನೆಯ ಅಧ್ಯಾಯದಲ್ಲಿ ಅವನಿಗೆ ಜ್ವರ ಬರಿಸುವ ಆಲೋಚನೆಯಿದ್ದರೆ ದಯವಿಟ್ಟು ಕೈಬಿಡಿ, ಅದು ಲೇಖಕರು ತಮಗೆ ತಾವೇ ಮಾಡಿಕೊಳ್ಳುವ ಉಪಕಾರ. ಫಾಂಟೆನ್ವಾದಲ್ಲೇ, ಪುಸ್ತಕದ ಮೂರನೇ ಒಂದು ಭಾಗ ಮುಗಿಯುವ ಮುನ್ನ ಕೊಲ್ಲಿ. ಆಮೇಲೆ ಅವಳು ಸ್ವತಂತ್ರಳು, ಆದರೂ ಅರಮನೆ ಬಿಟ್ಟು ಹೋಗುವುದಿಲ್ಲ. ಯಾಕೆ ಹೋಗುವುದಿಲ್ಲ ಎಂಬುದೇ ನಿಮ್ಮ ಉಳಿದ ಮುನ್ನೂರು ಪುಟ.